ಪ್ರಾರ್ಥನಾ ಸಮಾಜ ಎಂಬ ಸ್ಟಾಪು

ಫೋರ್ಟಿನಲ್ಲಿ ಕೋಟೆ ಇಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಅದರ ಗೋಡೆಗಳನ್ನು ಕೆಡವಿಸಿದ ಮೇಲೆ ಹೆಸರು ಮಾತ್ರ ಉಳಿಯಿತು. ನಾನು ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಿನಿಂದ ಬಂದ ಚಿಕ್ಕಪ್ಪ ಹುತಾತ್ಮಾ ಚೌಕದಲ್ಲಿ ನಿಂತು, "ಎಲ್ಲಿ ಮಾರಾಯ ನಿನ್ನ ಕೋಟೆ?" ಎಂದು ಕೇಳಿದ್ದರು. ಮುಂಬಯಿಯಲ್ಲಿ ಇಂಥ ಹೆಸರುಗಳು ಬಹಳ. ಫೋರ್ಟಿನಿಂದ ಗಿರ್ಗಾಂವ್ ಕಡೆಗೆ ಹೊರಟರೆ 'ಪ್ರಾರ್ಥನಾ ಸಮಾಜ' ಸಿಗುತ್ತದೆ. ಟ್ಯಾಕ್ಸಿಯವನಿಗೂ ಬಸ್ಸಿನವನಿಗೂ ಅದೊಂದು ನಾಕಾ, ಒಂದು ಸ್ಟಾಪು. ಆ ನಾಕಾಕ್ಕೆ ಹೆಸರು ಕೊಟ್ಟ ಮಂದಿರ ರಾಜಾ ರಾಮಮೋಹನ ರಾಯ್ ರಸ್ತೆಯಲ್ಲಿ ಇಂದಿಗೂ ಇದೆ. ನಾನೂ ವರ್ಷಗಟ್ಟಲೆ ಆ ಸ್ಟಾಪಿನಲ್ಲಿ ಇಳಿದಿದ್ದೇನೆ, ಮಂದಿರವನ್ನು ಗಮನಿಸಿರಲಿಲ್ಲ.

ಗಮನಿಸುವಂತಾದದ್ದು ನಮ್ಮ ಪುಟ್ಟ ಕನ್ನಡ ಸಂಘದ ಕಾರಣಕ್ಕೆ. ಕಳೆದ ಕಮಿಟಿ ಮೀಟಿಂಗಿನಲ್ಲಿ 'ಮುಂದಿನ 25 ವರ್ಷ' ಎಂಬ ವಿಷಯದ ಮೇಲೆ ಒಂದು ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹುಟ್ಟಿನಿಂದ ಬರುವ ಸದಸ್ಯರನ್ನು ನಂಬದೆ, ಬರೀ ವಿಚಾರದ ಮೇಲೆ ಒಂದು ಸಭೆಯನ್ನು ತಲೆಮಾರುಗಳವರೆಗೆ ನಡೆಸಲು ಈ ನಗರದಲ್ಲಿ ಯಾರಾದರೂ ಪ್ರಯತ್ನಿಸಿದ್ದರೇ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಇದೇ ಪ್ರಾರ್ಥನಾ ಸಮಾಜ.

ಕಥೆ ಶುರುವಾಗುವುದು ಕಳುವಾದ ಒಂದು ಪಟ್ಟಿಯಿಂದ. 1849ರಲ್ಲಿ ಮುಂಬಯಿಯಲ್ಲಿ ಪರಮಹಂಸ ಸಭೆ ಎಂಬ ಗುಪ್ತ ಕೂಟ ಹುಟ್ಟಿತು. ದಾದೋಬಾ ಪಾಂಡುರಂಗ ಅದರ ಪ್ರಮುಖರು. ಜಾತಿಯನ್ನು ಒಪ್ಪುವುದಿಲ್ಲ ಎಂಬುದಕ್ಕೆ ಪ್ರಮಾಣವಾಗಿ, ಸೇರುವವನು ಬೇರೆ ಜಾತಿಯವರು ಮಾಡಿದ್ದನ್ನು ತಿನ್ನಬೇಕಿತ್ತು. ಬ್ರೆಡ್ಡು ತಿಂದರೂ ಸಾಕು. ಈಗ ಮುಂಬಯಿಯ ಮೂಲೆ ಮೂಲೆಯಲ್ಲಿ ವಡಾ ಪಾವ್ ತಿನ್ನುವ ನಮಗೆ ಇದು ನಗೆ ತರಿಸಬಹುದು. ಆಗ ಅದು ಮದುವೆ, ಶ್ರಾದ್ಧ, ನೆಂಟಸ್ತಿಕೆ ಎಲ್ಲವನ್ನೂ ಕಳೆದುಕೊಳ್ಳುವ ಮಾತು. 1860ರಲ್ಲಿ ಸದಸ್ಯರ ಹೆಸರಿದ್ದ ಪುಸ್ತಕ ಯಾರದೋ ಕೈಸೇರಿತು. ಹೆಸರುಗಳು ಹೊರಬೀಳುತ್ತವೆ ಎಂಬ ಭಯಕ್ಕೇ ಸಭೆ ಚೆದುರಿಹೋಯಿತು.

ಹೀಗೆ ಚೆದುರಿದವರೇ ಮುಂದೆ ಬೇರೆ ರೀತಿಯಲ್ಲಿ ಕೂಡಿಕೊಂಡರು. 1864ರಲ್ಲಿ ಕೇಶವಚಂದ್ರ ಸೇನ್ ಕಲ್ಕತ್ತೆಯಿಂದ ಬಂದು ಮಾತಾಡಿ ಹೋದದ್ದು ಅವರಿಗೆ ಧೈರ್ಯ ಕೊಟ್ಟಿತು. 1867ರ ಮಾರ್ಚ್ 31ರಂದು ದಾದೋಬಾರ ತಮ್ಮ ಡಾಕ್ಟರ್ ಆತ್ಮಾರಾಮ ಪಾಂಡುರಂಗರ ಮುಂದಾಳತ್ವದಲ್ಲಿ ಪ್ರಾರ್ಥನಾ ಸಮಾಜ ಆರಂಭವಾಯಿತು. ಒಬ್ಬನೇ ದೇವರು, ಮೂರ್ತಿ ಇಲ್ಲ, ಅವತಾರ ಇಲ್ಲ, ಯಾವ ಗ್ರಂಥವೂ ಪ್ರಶ್ನಾತೀತವಲ್ಲ. ಹಾಡಲಿಕ್ಕೆ ತುಕಾರಾಮರ ಅಭಂಗಗಳು. ಸ್ವಲ್ಪದರಲ್ಲೇ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ್ ಸೇರಿದರು. ಇವರು ಹೈಕೋರ್ಟು, ಯೂನಿವರ್ಸಿಟಿ, ಏಶಿಯಾಟಿಕ್ ಸೊಸೈಟಿಯ ಮಂದಿ, ಅಂದರೆ ವಾರವಿಡೀ ಫೋರ್ಟಿನ ಲೋಕದವರು. ಭಾನುವಾರ ಮಾತ್ರ ಗಿರ್ಗಾಂವಿನವರು.

ಅವರು ಈಗಿನ ಮ್ಯಾನೇಜ್‌ಮೆಂಟ್ ಭಾಷೆಯಲ್ಲಿ ಹತ್ತು ವರ್ಷದ ಪ್ಲ್ಯಾನು ಬರೆಯಲಿಲ್ಲ, ನಿಜ. ಆದರೆ ಮೊದಲ ಐದಾರು ವರ್ಷಗಳಲ್ಲೇ ಮುಂದಿನ ನೂರು ವರ್ಷಗಳನ್ನು ನಿರ್ಧರಿಸುವ ಒಂದು ತೀರ್ಮಾನಕ್ಕೆ ಬಂದರು. ಹಿಂದೂ ಸಮಾಜದಿಂದ ಹೊರಗೆ ಹೋಗುವುದು ಬೇಡ ಎಂಬುದೇ ಆ ತೀರ್ಮಾನ. ಬಂಗಾಳದ ಬ್ರಹ್ಮಸಮಾಜದವರು ಬೇರೆ ದಾರಿ ಹಿಡಿದಿದ್ದರು. ಅವರ ಒತ್ತಾಯದಿಂದ 1872ರಲ್ಲಿ ಮೂರನೆಯ ಕಾಯ್ದೆ ಎಂಬ ಹೊಸ ವಿವಾಹ ಕಾನೂನು ಬಂತು. ಅದರ ಪ್ರಕಾರ ಜಾತಿ ಮೀರಿ, ಪುರೋಹಿತರಿಲ್ಲದೆ ಮದುವೆಯಾಗಬಹುದಿತ್ತು. ಆದರೆ ಗಂಡು ಹೆಣ್ಣು ಇಬ್ಬರೂ ತಾವು ಹಿಂದೂಗಳಲ್ಲ, ಮುಸ್ಲಿಮರಲ್ಲ, ಕ್ರೈಸ್ತರಲ್ಲ ಎಂದು ಹೇಳಿಕೆ ಕೊಡಬೇಕಿತ್ತು. ತುಕಾರಾಮರನ್ನು ಹಾಡುತ್ತ ಕೂತವರಿಗೆ ಈ ಹೇಳಿಕೆ ಗಂಟಲಲ್ಲಿ ಇಳಿಯಲಿಲ್ಲ. ಸಮಾಜದ ಹೆಸರನ್ನೇ ಬ್ರಹ್ಮಸಮಾಜ ಎಂದು ಬದಲಿಸೋಣ ಎಂಬ ಪ್ರಸ್ತಾಪವೂ ಬಂತು, ಬಿದ್ದುಹೋಯಿತು.

ಈ ತೀರ್ಮಾನದ ಹಿಂದೆ ಹೇಡಿತನವಷ್ಟೇ ಇತ್ತು ಎಂದು ನನಗನ್ನಿಸುವುದಿಲ್ಲ. ಪರಮಹಂಸ ಸಭೆಯ ಗತಿಯನ್ನು ಕಂಡವರು ಅವರು. ಬೇರೆ ಪಂಗಡವಾದರೆ ಇನ್ನೊಂದು ಜಾತಿಯಾಗಿ ಮೂಲೆ ಸೇರುತ್ತೇವೆ, ಒಳಗೇ ಇದ್ದರೆ ಹಾಲಿಗೆ ಹೆಪ್ಪು ಹಾಕಿದಂತೆ ಇಡೀ ಸಮಾಜವನ್ನು ಬದಲಿಸಬಹುದು ಎಂಬುದು ಲೆಕ್ಕ. ಆದರೆ ಹೆಪ್ಪು ಮೊಸರಾದ ಮೇಲೆ ಹೆಪ್ಪಾಗಿ ಉಳಿಯುವುದಿಲ್ಲವಲ್ಲ.

ಬೆಲೆ ತೆತ್ತದ್ದು ಮನೆಯೊಳಗೆ. ಏಕದೇವವಾದಿಯ ನಂಬಿಕೆಗಳ ಮೇಲೆ ಸೊಗಸಾದ ಪ್ರಬಂಧ ಬರೆದ ರಾನಡೆ, ವಿಧವಾವಿವಾಹದ ದೊಡ್ಡ ವಕೀಲ. ಮೊದಲ ಹೆಂಡತಿ ತೀರಿಕೊಂಡಾಗ, 1873ರಲ್ಲಿ, ತಂದೆಯ ಮಾತು ಮೀರಲಾರದೆ 11 ವರ್ಷದ ಹುಡುಗಿಯನ್ನು ಮದುವೆಯಾದರು. (ಆ ಹುಡುಗಿ ರಮಾಬಾಯಿ ಮುಂದೆ ಎಂಥ ದೊಡ್ಡ ಹೆಣ್ಣಾದಳು ಎಂಬುದು ಬೇರೆ ಮಾತು.) ಭಾಂಡಾರಕರ್ ಹಾಗಲ್ಲ, ವಿಧವೆಯಾದ ಮಗಳಿಗೆ ಮರುಮದುವೆ ಮಾಡಿಸಿದರು. ಇಬ್ಬರೂ ಒಂದೇ ಮಂದಿರದಲ್ಲಿ ಉಪದೇಶ ಮಾಡುತ್ತಿದ್ದವರು. ಸಮಾಜಕ್ಕೆ ಒಂದು ನಂಬಿಕೆ ಇತ್ತು, ಒಂದು ಮನೆ ಪದ್ಧತಿ ಇರಲಿಲ್ಲ. ನಾಮಕರಣ, ಮುಂಜಿ, ಮದುವೆ, ತಿಥಿ ಇವೆಲ್ಲ ಮನೆಯ ಹೆಂಗಸರ ಮತ್ತು ಭಟ್ಟರ ವಶದಲ್ಲೇ ಉಳಿದವು. ಆದ್ದರಿಂದ ಪ್ರಾರ್ಥನಾ ಸಮಾಜದವರ ಮನೆಯಲ್ಲಿ ಮಗು ಹುಟ್ಟಿದರೆ ಅದು ಸಾರಸ್ವತ ಮಗುವೋ ಚಿತ್ಪಾವನ ಮಗುವೋ ಆಗಿ ಹುಟ್ಟುತ್ತಿತ್ತು, ಸಮಾಜದ ಮಗುವಾಗಿ ಅಲ್ಲ. ಪ್ರತಿ ತಲೆಮಾರಿನಲ್ಲೂ ಸಮಾಜ ಶೂನ್ಯದಿಂದ ಜನ ಕೂಡಿಸಬೇಕಾಯಿತು.

ಹೊರಗಿನ ಕೆಲಸ ಮಾತ್ರ ಚುರುಕಾಗಿ ನಡೆಯಿತು. 1873ರಲ್ಲಿ 'ಸುಬೋಧ ಪತ್ರಿಕಾ', 1874ರಲ್ಲಿ ಗಿರ್ಗಾಂವಿನ ಮಂದಿರ, 1875ರಲ್ಲಿ ಪಂಢರಪುರದಲ್ಲಿ ಅನಾಥ ಶಿಶುಗಳ ಆಶ್ರಮ, 1876ರಲ್ಲಿ ದುಡಿಯುವವರಿಗಾಗಿ ರಾತ್ರಿಶಾಲೆ. ರಾತ್ರಿಶಾಲೆ ಎಂದ ಕೂಡಲೇ ಮುಂಬಯಿ ಕನ್ನಡಿಗರ ಕಿವಿ ನೆಟ್ಟಗಾಗಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಮೇಲೆ ಬಂದವರ ಎಷ್ಟು ಕಥೆಗಳನ್ನು ನಾವು ಕೇಳಿಲ್ಲ!

ಈ ಸಮಾಜದಲ್ಲಿ ನಮ್ಮ ಕಡೆಯವರೂ ಇದ್ದರು. ಇದ್ದರು ಮಾತ್ರವಲ್ಲ, ಚುಕ್ಕಾಣಿ ಹಿಡಿದಿದ್ದರು. ನಾರಾಯಣ ಗಣೇಶ ಚಂದಾವರ್ಕರ್ 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದವರು. ಮುಂಬಯಿಗೆ ಓದಲು ಬಂದು, ವಕೀಲರಾಗಿ, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, 1901ರಲ್ಲಿ ಹೈಕೋರ್ಟಿನ ನ್ಯಾಯಾಧೀಶರಾದರು. ಪ್ರಾರ್ಥನಾ ಸಮಾಜದ ಅಧ್ಯಕ್ಷತೆಯೂ ಅವರಿಗೇ ಬಂತು. ನಾನು ಮಧ್ಯಾಹ್ನ ಊಟ ಮುಗಿಸಿ ಓವಲ್ ಮೈದಾನದ ಬದಿಯಲ್ಲಿ ನಡೆಯುವಾಗ ಕಾಣುವ ಆ ಕಪ್ಪು ಕಲ್ಲಿನ ಹೈಕೋರ್ಟ್ ಕಟ್ಟಡದಲ್ಲಿ ಉತ್ತರ ಕನ್ನಡದ ಒಬ್ಬರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತೀರ್ಪು ಕೊಟ್ಟು, ಭಾನುವಾರ ಮೂರ್ತಿಯಿಲ್ಲದ ಮಂದಿರದಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು ಎಂಬುದು ನನಗೆ ಈ ವರ್ಷದವರೆಗೆ ಗೊತ್ತಿರಲಿಲ್ಲ.

ಇನ್ನೊಬ್ಬರು ವಿಠ್ಠಲ ರಾಮಜೀ ಶಿಂದೆ. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಮರಾಠಾ ಮನೆತನದ ಹುಡುಗ. ಮನೆಯಲ್ಲಿ ಮರಾಠಿ, ಊರಲ್ಲಿ ಕನ್ನಡ. ಸಮಾಜದ ಭವಿಷ್ಯವನ್ನು ನಿಜವಾಗಿ ಯೋಜಿಸಿದವರು ಯಾರೆಂದು ಕೇಳಿದರೆ ನಾನು ಇವರ ಹೆಸರು ಹೇಳುತ್ತೇನೆ. 1895-96ರಲ್ಲಿ ಅಮೆರಿಕದ ಯೂನಿಟೇರಿಯನ್ ಪಾದ್ರಿ ಜೆ.ಟಿ. ಸಂಡರ್‌ಲ್ಯಾಂಡ್ ಭಾರತದಲ್ಲಿ ಸುತ್ತಾಡಿದರು. ಇಲ್ಲಿಯ ಏಕದೇವವಾದಿ ಸಮಾಜಗಳಿಗೆ ತರಬೇತಿ ಪಡೆದ ಪ್ರಚಾರಕರು ಬೇಕು ಎಂದು ಕಂಡು, ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಓದಲು ವಿದ್ಯಾರ್ಥಿವೇತನ ಸಿಗುವಂತೆ ಮಾಡಿದರು. ಅದನ್ನು ಪಡೆದು ಶಿಂದೆ 1901ರಲ್ಲಿ ಹೋದರು. ಎರಡು ವರ್ಷ ತೌಲನಿಕ ಧರ್ಮ ಓದಿ, 1903ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಉದಾರ ಧರ್ಮೀಯರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತದ ಉದಾರ ಧರ್ಮದ ಬಗ್ಗೆ ಪ್ರಬಂಧ ಓದಿ, ಮುಂಬಯಿಗೆ ಮರಳಿ ಸಮಾಜದ ಪ್ರಚಾರಕರಾದರು.

ಬಂದವರೇ ಮಕ್ಕಳಿಗೆ ಭಾನುವಾರದ ಶಾಲೆ, ತರುಣರಿಗೆ ಬೇರೆ ಕೂಟ, ದೂರದ ಊರುಗಳಿಗೆ ಅಂಚೆಯಲ್ಲಿ ಪುಸ್ತಿಕೆ ಎಂದು ಕೆಲಸ ಹಚ್ಚಿಕೊಂಡರು. ವಯಸ್ಸಾದ ವಿದ್ವಾಂಸರ ಸಭೆಗೆ ಮುಂದಿನ ತಲೆಮಾರನ್ನು ತರುವ ಏರ್ಪಾಡು ಇದು. ಆದರೆ ಅವರ ಕಣ್ಣು ಮಂದಿರದ ಬಾಗಿಲಾಚೆಗೂ ಇತ್ತು. 1906ರ ಅಕ್ಟೋಬರ್ 18ರಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿ, ಪರೇಲಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಅಧ್ಯಕ್ಷರು ಚಂದಾವರ್ಕರ್, ಕಾರ್ಯದರ್ಶಿ ಶಿಂದೆ. ಹೊನ್ನಾವರದ ಜಡ್ಜು, ಜಮಖಂಡಿಯ ಪ್ರಚಾರಕ.

ನೋಡಿ, ಅದೇ 1906ರಲ್ಲಿ ಮುಂಬಯಿಯಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಅನೇಕರ ಖಾತೆ ಇರುವ ಶಾಮರಾವ್ ವಿಠಲ್ ಬ್ಯಾಂಕು. ಕೆನರಾ ಕಡೆಯ ಸಾರಸ್ವತರಿಗಾಗಿ ತಲ್ಮಕಿಯವರು ಕಟ್ಟಿದ್ದು. 1915ರಲ್ಲಿ ಅದೇ ಜನ ಗಾಮ್‌ದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ ಮಾಡಿಕೊಂಡರು. ಮನೆ, ಸಾಲ, ನೆಂಟರು, ಮಕ್ಕಳ ಓದು ಎಲ್ಲ ಒಂದೇ ಕಡೆ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮೊದಲು ಬೇಕಾದದ್ದು ಉಪದೇಶವಲ್ಲ, ಕೋಣೆ. ಜಾತಿಯ ಸಂಘ ಕೋಣೆ ಕೊಟ್ಟಿತು. ಜಾತಿ ಬೇಡವೆಂದ ಸಂಘಕ್ಕೆ ಕೊಡಲಿಕ್ಕೆ ಇದ್ದದ್ದು ಭಾನುವಾರದ ಒಂದು ಗಂಟೆ. ಇದನ್ನು ಬರೆಯುವಾಗ ನನಗೆ ಖುಷಿಯೇನಿಲ್ಲ, ಯಾಕೆಂದರೆ ನನ್ನ ಒಲವು ಆ ಒಂದು ಗಂಟೆಯ ಕಡೆಗೇ.

ಶಿಂದೆ 1910ರಲ್ಲಿ ಸಮಾಜದ ಪ್ರಚಾರಕ ಹುದ್ದೆ ಬಿಟ್ಟರು, ಆಮೇಲೆ ಪುಣೆಗೆ ಹೋದರು. ಮಿಷನ್ ಬೆಳೆಯಿತು. ಆದರೆ ಯಾರಿಗಾಗಿ ಅದು ಹುಟ್ಟಿತ್ತೋ ಅವರು ಅದರ ಆಡಳಿತದ ಕುರ್ಚಿಗಳಲ್ಲಿ ಎಲ್ಲಿದ್ದಾರೆ ಎಂಬ ಪ್ರಶ್ನೆ ಏಳದೆ ಇರಲಿಲ್ಲ. 1924ರಲ್ಲಿ ಅದೇ ಪರೇಲಿನ ದಾಮೋದರ ಹಾಲಿನಲ್ಲಿ ಡಾ. ಅಂಬೇಡ್ಕರ್ ಸಭೆ ಕರೆದು ಬಹಿಷ್ಕೃತ ಹಿತಕಾರಿಣೀ ಸಭೆ ಕಟ್ಟಿದರು. ಮೊದಲ ಶಾಲೆಗೂ ಈ ಸಭೆಗೂ ನಡುವೆ 18 ವರ್ಷ. ಒಂದು ಮಗು ಅಕ್ಷರ ಕಲಿತು ಮತ ಹೇಳುವಷ್ಟು ದೊಡ್ಡದಾಗುವ ಕಾಲ.

ಹಾಗಾದರೆ ಸಂಪೂರ್ಣ ಹೊರಗೆ ಬಂದವರ ಗತಿ ಏನಾಯಿತು? ಅದಕ್ಕೆ ಮಂಗಳೂರಿಗೆ ಹೋಗಬೇಕು. 1869ರ ಸುಮಾರಿಗೆ ಅರಸಪ್ಪ ಎಂಬ ಬಿಲ್ಲವ ಮುಖಂಡರು, ತಮ್ಮ ಜನರಿಗೆ ದೇವಸ್ಥಾನಗಳಲ್ಲಿ ಸಿಗದ ಮರ್ಯಾದೆ ಬ್ರಹ್ಮಸಮಾಜದಲ್ಲಿ ಸಿಗಬಹುದೆಂದು ಕೇಶವಚಂದ್ರ ಸೇನರನ್ನು ಸಂಪರ್ಕಿಸಿದರು. 1870ರಲ್ಲಿ ಪ್ರಚಾರಕರು ಬಂದರು, ಮಂಗಳೂರಿನಲ್ಲಿ ಸಮಾಜವೂ ಆಯಿತು. ಬಿಲ್ಲವರು ಗುಂಪಾಗಿ ಸೇರಲಿಲ್ಲ. ಉಳಿದದ್ದು ಉಳ್ಳಾಲ ರಘುನಾಥಯ್ಯನವರಂಥ ಕೆಲವು ಸಾರಸ್ವತರು. ಆ ದಾರಿಯಲ್ಲೇ ಬಂದವರು ಕುದ್ಮುಲ್ ರಂಗರಾಯರು. ಬಹಿಷ್ಕಾರ ಉಂಡರು, ಹಿಂದೆ ಸರಿಯಲಿಲ್ಲ. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಮುಂಬಯಿಗಿಂತ 9 ವರ್ಷ ಮೊದಲು. ಮಗಳು ರಾಧಾಬಾಯಿಯ ಮದುವೆಯನ್ನೂ ಜಾತಿ ಮೀರಿ, ಭಾಷೆ ಮೀರಿ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರೊಂದಿಗೆ ಮಾಡಿದರು. ರಾನಡೆಯವರ ಮನೆಯಲ್ಲಿ ಆಗದ್ದು ಇವರ ಮನೆಯಲ್ಲಿ ಆಯಿತು. ಆದರೂ ಮಂಗಳೂರಿನ ಬ್ರಹ್ಮಸಮಾಜ ದೊಡ್ಡದಾಗಲಿಲ್ಲ. ಊರಿನ ಪುರಭವನಕ್ಕೆ ಈಗ ರಂಗರಾಯರ ಹೆಸರಿದೆ.

ಮತ್ತೆ ಆ ಬಿಲ್ಲವರು? 1912ರಲ್ಲಿ ನಾರಾಯಣ ಗುರುಗಳು ಬಂದು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅಲ್ಲಿಯ ದಸರಾ ನೋಡಿದವರಿಗೆ ಜನಸಾಗರ ಎಂದರೇನೆಂದು ಹೇಳಬೇಕಿಲ್ಲ. ಅರಸಪ್ಪನವರು ಕೇಳಿದ್ದು ತಮ್ಮವರು ತಲೆಯೆತ್ತಿ ಹೋಗಬಹುದಾದ ಒಂದು ಜಾಗ. ಬ್ರಹ್ಮಸಮಾಜ ತತ್ವ ಕೊಟ್ಟಿತು. ಗುರುಗಳು ತತ್ವದ ಜೊತೆಗೆ ದೀಪ, ಗಂಟೆ, ಜಾತ್ರೆ, ಮತ್ತು ಬೀಗದಕೈಯನ್ನು ಅವರ ಕೈಗೇ ಕೊಟ್ಟರು.

ಉದಾರ ಧರ್ಮ ಎಲ್ಲಿಯೂ ಬೇರು ಬಿಡುವುದಿಲ್ಲ ಎಂದು ಇದರಿಂದ ಅರ್ಥವಲ್ಲ. ಮೇಘಾಲಯದ ಜೋವಾಯಿಯಲ್ಲಿ 1887ರ ಸೆಪ್ಟೆಂಬರ್ 18ರಂದು ಹಾಜೊಮ್ ಕಿಸ್ಸೊರ್ ಸಿಂಗ್ ಎಂಬ ಖಾಸಿ ತರುಣ ಕೆಲವೇ ಜನರೊಂದಿಗೆ ಯೂನಿಟೇರಿಯನ್ ಪ್ರಾರ್ಥನೆ ಆರಂಭಿಸಿದರು. ಮುಂಬಯಿ ಸುತ್ತಿದ ಅದೇ ಸಂಡರ್‌ಲ್ಯಾಂಡ್ 1896ರಲ್ಲಿ ಅಲ್ಲಿಗೂ ಹೋಗಿದ್ದರು. ಅಲ್ಲಿ ಹೈಕೋರ್ಟ್ ಜಡ್ಜರಿರಲಿಲ್ಲ, ವೈಸ್ ಚಾನ್ಸಲರರಿರಲಿಲ್ಲ. ಹಾಡು ಖಾಸಿಯಲ್ಲಿ, ಸಭೆ ಹಳ್ಳಿಯಲ್ಲಿ, ನಾಮಕರಣ ಮದುವೆ ಮಣ್ಣು ಎಲ್ಲ ಆ ಸಭೆಯಲ್ಲೇ. ಇವತ್ತಿಗೂ ಸಾವಿರಾರು ಜನ ಇದ್ದಾರೆ, ಹಳ್ಳಿ ಹಳ್ಳಿಗಳಲ್ಲಿ ಇಗರ್ಜಿಗಳಿವೆ.

ಚಂದಾವರ್ಕರ್ 1923ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, ಶಿಂದೆ 1944ರಲ್ಲಿ ಪುಣೆಯಲ್ಲಿ. ಶಿಂದೆಯವರು ಕೊನೆಯವರೆಗೂ ಜಮಖಂಡಿಯ ಕನ್ನಡವನ್ನು ಮರೆತಿರಲಿಲ್ಲವೆಂಬುದಕ್ಕೆ ಕನ್ನಡ-ಮರಾಠಿ ಸಂಬಂಧದ ಬಗ್ಗೆ ಅವರು ಮಾಡಿದ ವ್ಯಾಸಂಗವೇ ಸಾಕ್ಷಿ.

ನಮ್ಮ ಸಂಘದ ಟಿಪ್ಪಣಿ ಬರೆದು ಮುಗಿಸಿದ್ದೇನೆ. ಸದಸ್ಯತ್ವದ ಫಾರ್ಮಿನಲ್ಲಿ 'ಮೂಲ ಊರು, ಮನೆತನ' ಎಂಬ ಸಾಲು ಇದೆ. ಅದನ್ನು ತೆಗೆಯೋಣ, ಬದಲಿಗೆ ಹೊಸದಾಗಿ ಬಂದವರಿಗೆ ಮೂರು ತಿಂಗಳು ಇರಲು ಒಂದು ಕೋಣೆ ಬಾಡಿಗೆಗೆ ಹಿಡಿಯೋಣ, ಕಮಿಟಿಯಲ್ಲಿ ಇಬ್ಬರು 30 ದಾಟದವರಿರಲಿ ಎಂದು ಬರೆದಿದ್ದೇನೆ. ಹಿರಿಯ ಸದಸ್ಯರೊಬ್ಬರು ಫೋನು ಮಾಡಿ, "ಕೋಣೆ ಸರಿ ಮಗಾ, ಊರಿನ ಸಾಲು ಯಾಕೆ ತೆಗೀಬೇಕು? ಅದಿಲ್ಲದಿದ್ರೆ ಮಾತು ಶುರು ಮಾಡೋದು ಹೇಗೆ?" ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಮೀಟಿಂಗು ಮುಂದಿನ ಭಾನುವಾರ.