ಸರದಿ ಬೇಕೇ, ಓಟ ಬೇಕೇ? - ಡ್ರ್ಯಾಗನ್ ಕ್ವೆಸ್ಟ್ ಆಟದ ದೊಡ್ಡ ಜಗಳ



ಈ ಸಲದ ವಿಷಯ ಕಂಡು ಕೆಲವರಿಗೆ ಆಶ್ಚರ್ಯವಾದೀತು. ಇತಿಹಾಸ ಎಂದರೆ ಕೋಟೆ, ಶಾಸನ, ಚಳವಳಿ ಎಂದು ಬರೆಯುತ್ತಾ ಬಂದವರು ನಾವು. ವಿಡಿಯೋ ಗೇಮಿಗೂ ಒಂದು ಇತಿಹಾಸವೇ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಕೇಳಿದವರು!

ಆದದ್ದು ಇಷ್ಟು. ಒಂದು ದಿನ ಮಧ್ಯಾಹ್ನದ ಊಟ ಮುಗಿಸಿ ಏಳನೆಯ ತರಗತಿಯ ಇಬ್ಬರು ಹುಡುಗರು ಕೈ ತೊಳೆಯುವ ನಲ್ಲಿಯ ಹತ್ತಿರ ಜೋರು ವಾದಕ್ಕೆ ಬಿದ್ದಿದ್ದರು. ಒಬ್ಬನ ಮಾವ ಗಲ್ಫಿನಿಂದ ಬರುವಾಗ ಆಟದ ಯಂತ್ರವೊಂದನ್ನು ತಂದುಕೊಟ್ಟಿದ್ದಾರೆ. ಅದರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ಜಪಾನಿನ ಆಟ ಉಂಟು. ರಜೆಯಲ್ಲಿ ಇಬ್ಬರೂ ಸೇರಿ ಆಡುತ್ತಾರೆ. "ಮುಂದಿನ ಭಾಗದಲ್ಲಿ ಸರದಿ ಇಲ್ಲವಂತೆ, ಓಡಿ ಓಡಿ ಹೊಡೆಯುವುದಂತೆ. ಆಗ ಗಮ್ಮತ್ತು" ಎಂದು ಯಂತ್ರದ ಒಡೆಯ. "ಸರದಿ ಇಲ್ಲದಿದ್ದರೆ ಅದು ಡ್ರ್ಯಾಗನ್ ಕ್ವೆಸ್ಟೇ ಅಲ್ಲ" ಎಂದು ಇನ್ನೊಬ್ಬ. ಈ ಎರಡನೆಯವನು ತರಗತಿಯಲ್ಲಿ ಮಾತೇ ಆಡದ ಹುಡುಗ. ಬೋರ್ಡಿನಿಂದ ಬರೆದುಕೊಳ್ಳುವುದರಲ್ಲಿ ಯಾವಾಗಲೂ ಕಡೆಯವನು. ಉತ್ತರ ಗೊತ್ತಿದ್ದರೂ ಅವನು ಕೈ ಎತ್ತುವಷ್ಟರಲ್ಲಿ ಬೇರೆ ಯಾರಾದರೂ ಹೇಳಿ ಮುಗಿಸಿರುತ್ತಾರೆ. ಅವನಿಗೆ ಇಷ್ಟೊಂದು ಆವೇಶ ಎಲ್ಲಿಂದ ಬಂತು? ಕರೆದು ಕೇಳಿದೆವು. ತಲೆ ತಗ್ಗಿಸಿಕೊಂಡು ಹೇಳಿದ: "ನಾನು ಯೋಚನೆ ಮಾಡಿ ಮುಗಿಸುವವರೆಗೆ ಅದು ಕಾಯ್ತದೆ ಸರ್."

ಆ ಒಂದು ಮಾತು ನಮ್ಮನ್ನು ಬಿಡಲಿಲ್ಲ. ಈ ಆಟದ ಹಿಂದುಮುಂದು ಹುಡುಕುತ್ತಾ ಹೋದೆವು. ನಮ್ಮ ಹುಡುಗರು ನಲ್ಲಿಯ ಹತ್ತಿರ ಮಾಡಿದ ವಾದವನ್ನೇ ಈ ಆಟದ ಅಭಿಮಾನಿಗಳು ಮೂವತ್ತೈದು ವರ್ಷಗಳಿಂದ ಮಾಡುತ್ತಿದ್ದಾರೆ ಎಂದು ಆಗ ತಿಳಿಯಿತು.

ಮೊದಲು ಆಟ ಹುಟ್ಟಿದ ಕಥೆ. ಯೂಜಿ ಹೊರೀ ಎಂಬವರು 1954ರಲ್ಲಿ ಜಪಾನಿನ ಅವಾಜಿ ದ್ವೀಪದಲ್ಲಿ ಹುಟ್ಟಿದರು. ವಾಸೆದಾ ವಿಶ್ವವಿದ್ಯಾಲಯದಲ್ಲಿ ಓದಿ ಪತ್ರಿಕೆಗಳಿಗೆ ಬರೆದು ಬದುಕುತ್ತಿದ್ದರು. ಎನಿಕ್ಸ್ ಎಂಬ ಕಂಪೆನಿ ಕಂಪ್ಯೂಟರ್ ಆಟ ರಚಿಸುವ ಸ್ಪರ್ಧೆ ಇಟ್ಟಾಗ ಟೆನಿಸ್ ಆಟವೊಂದನ್ನು ಮಾಡಿ ಬಹುಮಾನ ಗೆದ್ದರು. ಅದೇ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಇನ್ನೊಬ್ಬ ಹುಡುಗ ಕೋಯಿಚಿ ನಕಾಮುರಾ. ಆಗ ಅಮೆರಿಕದಲ್ಲಿ ವಿಝರ್ಡ್ರಿ, ಅಲ್ಟಿಮಾ ಎಂಬ ಪಾತ್ರ ವಹಿಸಿ ಆಡುವ ಆಟಗಳು ಜನಪ್ರಿಯವಾಗಿದ್ದವು. ಒಬ್ಬ ವೀರನ ಪಾತ್ರ ವಹಿಸಿಕೊಂಡು, ಊರೂರು ಅಲೆದು, ರಾಕ್ಷಸರನ್ನು ಗೆದ್ದು, ಬಲಶಾಲಿಯಾಗುತ್ತಾ ಹೋಗುವ ಆಟಗಳು ಅವು. ಆದರೆ ಬಹಳ ತೊಡಕಿನವು, ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಒಗ್ಗುವಂಥವು. ಇದನ್ನು ಮನೆಮನೆಯ ಮಕ್ಕಳೂ ಆಡುವಂತೆ ಮಾಡಬೇಕು ಎಂಬುದು ಹೊರೀ ಅವರ ಆಸೆ. ನಕಾಮುರಾ ತಂಡ ಪ್ರೋಗ್ರಾಂ ಬರೆಯಿತು. ಡ್ರ್ಯಾಗನ್ ಬಾಲ್ ಖ್ಯಾತಿಯ ಅಕಿರಾ ತೊರಿಯಾಮಾ ಚಿತ್ರ ಬರೆದರು. ಸಂಗೀತ ಕೋಯಿಚಿ ಸುಗಿಯಾಮಾ ಅವರದ್ದು. ಈ ಹಿರಿಯರು ಎನಿಕ್ಸ್‌ನ ಚದುರಂಗದಂಥ ಆಟವೊಂದನ್ನು ಕೊಂಡು, ಅದರ ಜೊತೆಗಿದ್ದ ಅಭಿಪ್ರಾಯದ ಕಾರ್ಡನ್ನು ತುಂಬಿ ಅಂಚೆಗೆ ಹಾಕಿದ್ದರಂತೆ. ಹೆಸರು ನೋಡಿ ಕಂಪೆನಿಯವರೇ ಅವರನ್ನು ಹುಡುಕಿಕೊಂಡು ಹೋದರು! ಹೀಗೆ 1986ರ ಮೇ 27ರಂದು ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಮೊದಲ ಡ್ರ್ಯಾಗನ್ ಕ್ವೆಸ್ಟ್ ಬಂತು.

ಇಡೀ ಆಟದ ಗಾತ್ರ 64 ಕಿಲೋಬೈಟ್. ಇಂದು ನಮ್ಮ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದರ ಹತ್ತಾರು ಪಟ್ಟು ದೊಡ್ಡದು. ಜಾಗ ಸಾಲದೆ ಜಪಾನೀ ಭಾಷೆಯ ಕತಕಾನಾ ಲಿಪಿಯಲ್ಲಿ 20 ಅಕ್ಷರಗಳನ್ನು ಮಾತ್ರ ಇಟ್ಟುಕೊಂಡು, ಅಷ್ಟರಲ್ಲೇ ಹೊಂದುವಂತೆ ರಾಕ್ಷಸರ ಹೆಸರುಗಳನ್ನು ಕಟ್ಟಿದರು. ಭಾಷೆ ಕಲಿಸುವ ನಮಗೆ ಇದು ಬಹಳ ಹಿಡಿಸಿತು.

ಇನ್ನೂ ಹಿಡಿಸಿದ್ದು ಆಟದ ಮೊದಲ ದೃಶ್ಯ. ವೀರ ರಾಜನ ಮುಂದೆ ನಿಂತಿದ್ದಾನೆ, ಕೋಣೆಯ ಬಾಗಿಲಿಗೆ ಬೀಗ. ಹೊರಗೆ ಹೋಗಬೇಕಾದರೆ ಮಾತಾಡಿಸಬೇಕು, ಪೆಟ್ಟಿಗೆ ತೆರೆದು ಬೀಗದ ಕೈ ತೆಗೆದುಕೊಳ್ಳಬೇಕು, ಬಾಗಿಲು ತೆರೆಯಬೇಕು, ಮೆಟ್ಟಿಲಿಳಿಯಬೇಕು. ಇಷ್ಟು ಮಾಡುವಷ್ಟರಲ್ಲಿ ಮಗು ಆಟಕ್ಕೆ ಬೇಕಾದ ಮುಖ್ಯ ಆಜ್ಞೆಗಳನ್ನು ಕಲಿತಾಗಿರುತ್ತದೆ! ಉಪನ್ಯಾಸವಿಲ್ಲ, ಬೆದರಿಕೆಯಿಲ್ಲ. ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ 'ಮಾಡಿ ಕಲಿ' ಎಂಬ ಪಾಠವೇ ಇದು.

ಯುದ್ಧವೂ ಹಾಗೆಯೇ. ಅದೇ ಕಾಲದ ಸೂಪರ್ ಮಾರಿಯೋದಲ್ಲಿ ಬೆರಳು ಚುರುಕಿಲ್ಲದವನು ಗುಂಡಿಗೆ ಬಿದ್ದ ಹಾಗೆಯೇ. ಡ್ರ್ಯಾಗನ್ ಕ್ವೆಸ್ಟಿನಲ್ಲಿ ರಾಕ್ಷಸ ಎದುರಾದಾಗ ಆಟ ನಿಲ್ಲುತ್ತದೆ. ಹೊಡೆಯುವುದೋ, ಮಂತ್ರ ಹಾಕುವುದೋ, ಔಷಧಿ ಬಳಸುವುದೋ, ಓಡಿಹೋಗುವುದೋ ಎಂದು ಪಟ್ಟಿ ತೋರಿಸಿ ಕೇಳುತ್ತದೆ. ನೀವು ಹೇಳುವವರೆಗೆ ರಾಕ್ಷಸ ಕಾಯುತ್ತಾನೆ. ಸತ್ತರೆ ಕೈಯಲ್ಲಿರುವ ಹಣದಲ್ಲಿ ಅರ್ಧ ಹೋಗುತ್ತದೆ, ಆದರೆ ಗಳಿಸಿದ ಅನುಭವದ ಅಂಕ ಹೋಗುವುದಿಲ್ಲ. ಸೋತರೂ ಕಲಿತದ್ದು ಉಳಿಯುತ್ತದೆ ಎಂದರ್ಥ. ತಾಳ್ಮೆ ಇದ್ದರೆ ಯಾರು ಬೇಕಾದರೂ ಮುಗಿಸಬಹುದು. ನಮ್ಮ ಹುಡುಗ ಹೇಳಿದ್ದು ಇದನ್ನೇ.

1988ರ ಫೆಬ್ರವರಿ 10, ಬುಧವಾರ. ಮೂರನೆಯ ಭಾಗ ಅಂಗಡಿಗೆ ಬಂತು. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ! ಶಾಲೆ ತಪ್ಪಿಸಿ ಅಂಗಡಿಯ ಮುಂದೆ ಸಾಲು ನಿಂತ ನೂರಾರು ಮಕ್ಕಳನ್ನು ಪೊಲೀಸರು ಹಿಡಿದರೆಂದು ವರದಿಯಾಯಿತು. ಶಾಲೆಯ ದಿನ ಈ ಆಟ ಮಾರಬಾರದೆಂದು ಜಪಾನ್ ಸರಕಾರ ಕಾನೂನು ಮಾಡಿತು ಎಂಬ ಮಾತು ಇಂದಿಗೂ ಓಡಾಡುತ್ತದೆ. ಅದು ಸುಳ್ಳು, ಅಂಥ ಕಾನೂನು ಇಲ್ಲ. ಆದರೆ 1990ರಲ್ಲಿ ನಾಲ್ಕನೆಯದು ಬಂದದ್ದು ಭಾನುವಾರ. ಮುಂದಿನ ಮುಖ್ಯ ಭಾಗಗಳೂ ಶನಿವಾರ, ಭಾನುವಾರ ಇಲ್ಲವೇ ಬೇಸಿಗೆ ರಜೆಯಲ್ಲೇ ಬಂದವು. ಇದನ್ನು ಓದಿ ಮೇಷ್ಟ್ರುಗಳಾದ ನಮಗೆ ಕೊಂಚ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ದೊಡ್ಡ ಜಗಳ ಶುರುವಾದದ್ದು ಆ ನಾಲ್ಕನೆಯ ಭಾಗದಲ್ಲಿ. ಅದರ ಕೊನೆಯ ಅಧ್ಯಾಯದಲ್ಲಿ ವೀರನಿಗೆ ಮಾತ್ರ ನಾವು ಆಜ್ಞೆ ಕೊಡಬಹುದು. ಸಂಗಡಿಗರು ತಾವೇ ಯೋಚಿಸಿ ಹೋರಾಡುತ್ತಾರೆ. ನಾವು ಒಟ್ಟಾರೆ ತಂತ್ರವನ್ನಷ್ಟೇ ಸೂಚಿಸಬಹುದು. ಆ ಕಾಲಕ್ಕೆ ಇದು ದೊಡ್ಡ ಪ್ರಯೋಗ. ಆದರೆ ಆಡುವವರಿಗೆ ತಲೆಕೆಟ್ಟಿತು. ಕ್ಲಿಫ್ಟ್ ಎಂಬ ಪೂಜಾರಿಯಂತೂ ಗಾಯಗೊಂಡವರನ್ನು ಗುಣಪಡಿಸುವುದು ಬಿಟ್ಟು, ದೊಡ್ಡ ರಾಕ್ಷಸನಿಗೆ ತಾಗದೇ ಇರುವ ಮರಣಮಂತ್ರವನ್ನೇ ಮತ್ತೆ ಮತ್ತೆ ಜಪಿಸುತ್ತಿದ್ದ. ಇದು ಜಪಾನಿನಲ್ಲಿ ನಗೆಚಾಟಿಕೆಯ ಮಾತೇ ಆಗಿಹೋಯಿತು. ಅಭಿಮಾನಿಗಳ ಅಸಮಾಧಾನ ವ್ಯರ್ಥವಾಗಲಿಲ್ಲ. 1992ರ ಐದನೆಯ ಭಾಗದಲ್ಲಿ 'ನಾನೇ ಆಜ್ಞೆ ಕೊಡುತ್ತೇನೆ' ಎಂಬ ಅರ್ಥದ ಆಯ್ಕೆ ಸೇರಿತು. ತಾನೇ ನಡೆಯುವ ತಂತ್ರವೂ ಉಳಿಯಿತು, ಬೇಕಾದವರಿಗೆ ಆಜ್ಞೆಯೂ ಸಿಕ್ಕಿತು.

(ಅದೇ ಐದನೆಯ ಭಾಗದಲ್ಲಿ ನಾಯಕ ಬಾಲ್ಯದ ಗೆಳತಿ ಬಿಯಾಂಕಾಳನ್ನು ಮದುವೆಯಾಗಬೇಕೋ, ಶ್ರೀಮಂತರ ಮಗಳು ಫ್ಲೋರಾಳನ್ನೋ ಎಂಬ ಇನ್ನೊಂದು ಜಗಳ ಇದೆ. ಮೂವತ್ತು ವರ್ಷ ಕಳೆದರೂ ಮುಗಿದಿಲ್ಲ. ಅದರ ತಂಟೆಗೆ ನಾವು ಹೋಗುವುದಿಲ್ಲ!)

2003ರಲ್ಲಿ ಎನಿಕ್ಸ್, ಫೈನಲ್ ಫ್ಯಾಂಟಸಿ ಆಟದ ಸ್ಕ್ವೇರ್ ಕಂಪೆನಿಯೊಂದಿಗೆ ಸೇರಿ ಸ್ಕ್ವೇರ್ ಎನಿಕ್ಸ್ ಆಯಿತು. 2006ರ ಡಿಸೆಂಬರಿನಲ್ಲಿ ಒಂಬತ್ತನೆಯ ಭಾಗದ ಸುದ್ದಿ ಪ್ರಕಟಿಸಿದರು. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೋ ಡಿಎಸ್ ಯಂತ್ರಕ್ಕೆ ಬರುತ್ತದೆ, ಯುದ್ಧ ಸರದಿಯಲ್ಲಲ್ಲ, ಓಡಾಡಿಕೊಂಡು ಗುಂಡಿ ಒತ್ತಿ ಹೊಡೆಯುವುದು ಎಂದು ತೋರಿಸಿದರು. ಹಳೆಯ ಅಭಿಮಾನಿಗಳು ಕೆಂಡವಾದರು. ಕೊನೆಗೆ 2009ರ ಜುಲೈ 11ರಂದು ಆಟ ಬಂದಾಗ ನೋಡಿದರೆ ಯುದ್ಧ ಮತ್ತೆ ಸರದಿಯದ್ದೇ! ಜಪಾನಿನಲ್ಲೇ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು.

2012ರ ಹತ್ತನೆಯ ಭಾಗ ಇನ್ನೊಂದು ಪ್ರಶ್ನೆ ತಂದಿತು. ಅದು ಪೂರ್ತಿ ಅಂತರ್ಜಾಲದಲ್ಲಿ ಬೇರೆಯವರೊಂದಿಗೆ ಸೇರಿ ಆಡುವ ಆಟ, ತಿಂಗಳು ತಿಂಗಳು ಶುಲ್ಕ ಕಟ್ಟಬೇಕು. ಒಬ್ಬನೇ ಕುಳಿತು ನಿಧಾನವಾಗಿ ಆಡುವ ಆಟಕ್ಕೆ ಇಂಥದ್ದನ್ನು ಹತ್ತನೆಯದೆಂದು ಹೇಗೆ ಲೆಕ್ಕ ಹಾಕುವುದು ಎಂದು ಹಲವರ ತಕರಾರು. ದಿನಕ್ಕೆ ಎರಡು ಗಂಟೆ ಶುಲ್ಕವಿಲ್ಲದೆ ಆಡುವ 'ಮಕ್ಕಳ ಸಮಯ'ವನ್ನು ಇಟ್ಟರು. ಹತ್ತು ವರ್ಷಗಳ ನಂತರ, 2022ರಲ್ಲಿ, ಒಬ್ಬರೇ ಆಡಬಲ್ಲ ರೂಪವೂ ಬಂತು. 2017ರ ಹನ್ನೊಂದನೆಯ ಭಾಗದಲ್ಲಂತೂ ನಿಂಟೆಂಡೋ 3ಡಿಎಸ್ ಯಂತ್ರದಲ್ಲಿ ಹಳೆಯ ಕಾಲದ ಚಪ್ಪಟೆ ಚಿತ್ರದಲ್ಲಿ ಬೇಕಾದರೂ ಆಡಿ, ಹೊಸ ರೀತಿಯಲ್ಲಿ ಬೇಕಾದರೂ ಆಡಿ ಎಂದು ಎರಡನ್ನೂ ಕೊಟ್ಟರು.

ಈಗ ಹನ್ನೆರಡನೆಯದರ ಮಾತು. ನಮ್ಮ ಹುಡುಗರ ಜಗಳದ ಮೂಲ ಇದೇ. 2021ರ ಮೇ 27ರಂದು, ಆಟಕ್ಕೆ 35 ವರ್ಷ ತುಂಬಿದ ದಿನ, ಹೊರೀ ಅವರು ಇದನ್ನು ಪ್ರಕಟಿಸಿದರು. ಕಥೆ ದೊಡ್ಡವರಿಗೆ ಹೊಂದುವ, ಕೊಂಚ ಕತ್ತಲೆಯ ಕಥೆ. ಆಜ್ಞೆ ಕೊಟ್ಟು ಮಾಡುವ ಯುದ್ಧ ಇಲ್ಲವಾಗುವುದಿಲ್ಲ, ಆದರೆ ಹೊಸ ರೂಪ ಪಡೆಯುತ್ತದೆ ಎಂದರು. ಹೊಸ ರೂಪ ಎಂದರೇನು? ಅಷ್ಟಕ್ಕೇ ಚರ್ಚೆ ಹೊತ್ತಿಕೊಂಡಿತು. ಅದೇ ವರ್ಷ ಜುಲೈಯಲ್ಲಿ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯ ದಿನ ಕ್ರೀಡಾಪಟುಗಳು ಮೈದಾನಕ್ಕೆ ಬರುವಾಗ ನುಡಿಸಿದ್ದರಲ್ಲಿ ಈ ಆಟದ ಸಂಗೀತವೂ ಇತ್ತು. ಸೆಪ್ಟೆಂಬರ್ 30ರಂದು ಸುಗಿಯಾಮಾ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. 2024ರ ಮಾರ್ಚ್ 1ರಂದು ತೊರಿಯಾಮಾ ಹೋದರು, 68 ವರ್ಷ. ಮೂವರು ಕಟ್ಟಿದ ಮನೆಯಲ್ಲಿ ಹೊರೀ ಒಬ್ಬರೇ ಉಳಿದರು. 2025 ಮುಗಿಯುವವರೆಗೂ ಹನ್ನೆರಡನೆಯದು ಅಂಗಡಿಗೆ ಬಂದಿರಲಿಲ್ಲ. ಈ ನಡುವೆ ಮೂರನೆಯ ಭಾಗದ ಹೊಸ ರೂಪ 2024ರಲ್ಲಿ, ಮೊದಲೆರಡರದು 2025ರಲ್ಲಿ ಬಂದವು. ಸರದಿ ಹಾಗೆಯೇ ಉಳಿದಿತ್ತು.

ಬದಲಾವಣೆ ಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಚಿತ್ರ ಸಿನಿಮಾದಷ್ಟು ನಿಜವಾಗಿ ಕಾಣುವ ಈ ಕಾಲದಲ್ಲಿ ಕತ್ತಿ ಹಿಡಿದವರು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುವುದು ಹೊಸಬರಿಗೆ ನಗು ತರಿಸುತ್ತದೆ. ಎಳೆಯರು ಬಾರದಿದ್ದರೆ ಆಟ ಹಳಬರೊಂದಿಗೇ ಮುದಿಯಾಗುತ್ತದೆ. ಸ್ವತಃ ಹೊರೀ ಅವರೇ 2024ರಲ್ಲಿ ಮಾತನಾಡುತ್ತಾ, ಚಿತ್ರ ನಿಜವಾದಷ್ಟೂ ಬಾಯಿಬಿಡದ ನಾಯಕ ಪೆದ್ದನಂತೆ ಕಾಣುವ ತೊಂದರೆ ಇದೆ ಎಂದು ಒಪ್ಪಿದ್ದಾರೆ. ಮನೆಯೊಳಗಿನ ಇನ್ನೊಂದು ಆಟ ಫೈನಲ್ ಫ್ಯಾಂಟಸಿ 2023ರ ಹದಿನಾರನೆಯ ಭಾಗಕ್ಕೆ ಬರುವಾಗ ಪೂರ್ತಿ ಓಟದ ಹೊಡೆದಾಟವೇ ಆಗಿಬಿಟ್ಟಿತು.

ಇನ್ನೊಂದು ಪಕ್ಷದವರಿಗೂ ಸಾಕ್ಷಿ ಸಿಕ್ಕಿದೆ. 2023ರಲ್ಲಿ ವರ್ಷದ ಶ್ರೇಷ್ಠ ಆಟವೆಂದು ದಿ ಗೇಮ್ ಅವಾರ್ಡ್ಸ್ ಪ್ರಶಸ್ತಿ ಪಡೆದ ಬಾಲ್ಡರ್ಸ್ ಗೇಟ್ 3 ಸರದಿಯ ಆಟ. 2025ರಲ್ಲಿ ಅದೇ ಪ್ರಶಸ್ತಿ ಪಡೆದ ಫ್ರಾನ್ಸಿನ ಕ್ಲೇರ್ ಒಬ್‌ಸ್ಕ್ಯೂರ್ ಕೂಡ ಸರದಿಯದ್ದೇ (ಅದರಲ್ಲಿ ಹೊಡೆತ ತಪ್ಪಿಸಿಕೊಳ್ಳಲು ಬೆರಳು ಚುರುಕಿರಬೇಕು ಎಂಬುದೂ ನಿಜ). ಸರದಿ ಹಳತಾಯಿತು ಎಂದವರಿಗೆ ಇದು ಉತ್ತರ.

ಈ ಇತಿಹಾಸವನ್ನೆಲ್ಲ ಓದಿದ ಮೇಲೆ ನಮಗೆ ಅನ್ನಿಸಿದ್ದು ಇದು. ಡ್ರ್ಯಾಗನ್ ಕ್ವೆಸ್ಟ್ ಬದಲಾಗದ ಆಟವಲ್ಲ. ಯಂತ್ರ ಬದಲಾಯಿತು, ಚಿತ್ರ ಬದಲಾಯಿತು, ಪ್ರೋಗ್ರಾಂ ಬರೆಯುವ ತಂಡಗಳು ಬದಲಾದವು, ಅಂತರ್ಜಾಲಕ್ಕೂ ಹೋಯಿತು. ಅಭಿಮಾನಿಗಳು ಗೊಣಗಿದರೂ ಬಹಳಷ್ಟನ್ನು ಒಪ್ಪಿಕೊಂಡರು. ಒಪ್ಪದೇ ಇದ್ದದ್ದು ಒಂದನ್ನು: ನಾನು ಯೋಚಿಸುವ ಮೊದಲೇ ಆಟ ಮುಂದೆ ಓಡುವುದನ್ನು. 1990ರ ಜಗಳವೂ ಅದೇ, 2006ರದ್ದೂ ಅದೇ, 2021ರದ್ದೂ ಅದೇ. ಮೇಲುನೋಟಕ್ಕೆ ಹಳಬರ ಹಟದಂತೆ ಕಾಣುತ್ತದೆ. ಆದರೆ 1986ರಲ್ಲಿ ಹೊರೀ ಅವರು ಆ ಬೀಗ ಹಾಕಿದ ಕೋಣೆಯನ್ನು ಕಟ್ಟಿದ್ದೇ ನಿಧಾನದವರೂ ಒಳಗೆ ಬರಲಿ ಎಂದು. ಹೊಸ ರೂಪ ಏನೇ ಬರಲಿ, ನಿಧಾನದವನಿಗೆ ಅದರಲ್ಲಿ ಜಾಗ ಇದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ಐದನೆಯ ಭಾಗದಂತೆ ಎರಡು ದಾರಿಯನ್ನೂ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಕೊನೆಗೆ ನಮ್ಮ ತರಗತಿಯ ಮಾತು. ಪ್ರಶ್ನೆ ಕೇಳಿ, ಮೊದಲು ಕೈ ಎತ್ತಿದವನಿಂದ ಉತ್ತರ ಪಡೆದು, ಪಾಠ ಮುಂದಕ್ಕೆ ಓಡಿಸುವುದು ನಮ್ಮ ಎಷ್ಟೋ ವರ್ಷಗಳ ಅಭ್ಯಾಸ. ಸಿಲೆಬಸ್ ಮುಗಿಯಬೇಕಲ್ಲ! ಅಂದಿನಿಂದ ಒಂದು ಕ್ರಮ ಮಾಡಿಕೊಂಡಿದ್ದೇವೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇವೆ, ಅಲ್ಲಿಯವರೆಗೆ ಯಾರೂ ಕೈ ಎತ್ತುವಂತಿಲ್ಲ. ಮೊದಲ ವಾರ ಚುರುಕಿನ ಮಕ್ಕಳು ಚಡಪಡಿಸಿದರು. ಎರಡನೆಯ ವಾರ ಕಡೆಯ ಬೆಂಚಿನಿಂದ ಆ ಹುಡುಗನ ಕೈ ಮೇಲೆದ್ದಿತು. ಉತ್ತರ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು. ಉಳಿದರ್ಧವನ್ನು ಇಡೀ ತರಗತಿ ಸೇರಿ ಸರಿಮಾಡಿತು.

ನಿಮ್ಮ ಮಕ್ಕಳು ಯಾವ ಆಟ ಆಡುತ್ತಾರೆ ಎಂದು ಬೈಯುವ ಮೊದಲು ಒಮ್ಮೆ ಕೇಳಿ ನೋಡಿ. ಯಾಕೆ ಇಷ್ಟ ಎಂದೂ ಕೇಳಿ. ನಮಗೆ ಸಿಕ್ಕಿದಂತೆ ನಿಮಗೂ ಒಂದು ಪಾಠ ಸಿಕ್ಕೀತು.