ಏಡರ್ (ತಂತ್ರಾಂಶ)

ಏಡರ್ ಎಂಬುದು ಪ್ರೋಗ್ರಾಂ ಬರೆಯುವವರಿಗೆ ಕೃತಕ ಬುದ್ಧಿಮತ್ತೆಯ ನೆರವನ್ನು ಟರ್ಮಿನಲ್‌ನಲ್ಲಿಯೇ ಒದಗಿಸುವ ಒಂದು ಮುಕ್ತ ಆಕರ ತಂತ್ರಾಂಶ. ಪಾಲ್ ಗೋಥಿಯರ್ ಅವರು ಇದನ್ನು ಪೈಥಾನ್ ಭಾಷೆಯಲ್ಲಿ ರಚಿಸಿ 2023ರಲ್ಲಿ ಬಿಡುಗಡೆ ಮಾಡಿದರು. ಅಪಾಚೆ 2.0 ಪರವಾನಗಿಯಡಿ ದೊರೆಯುವುದರಿಂದ ಇದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಮಾರ್ಪಡಿಸಬಹುದು, ಹಂಚಬಹುದು. ಏಡರ್ ಸ್ವತಃ ಭಾಷಾ ಮಾದರಿಯಲ್ಲ. ಬಳಕೆದಾರರ ಕಡತಗಳು, ಅವರು ಆಯ್ದುಕೊಂಡ ಭಾಷಾ ಮಾದರಿ ಹಾಗೂ ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆ, ಈ ಮೂರರ ನಡುವಿನ ಮಧ್ಯವರ್ತಿಯಾಗಿ ಅದು ಕೆಲಸ ಮಾಡುತ್ತದೆ. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅದು ಆಶ್ರಯಿಸುವ ಮಾದರಿಗೆ ಅನೇಕ ಸಂದರ್ಭಗಳಲ್ಲಿ ಹಣ ತೆರಬೇಕಾಗುತ್ತದೆ. ಆ ಮಾದರಿಯೂ ಮುಕ್ತವಾಗಿರಬೇಕೆಂಬ ನಿಯಮವಿಲ್ಲ.

ಕಾರ್ಯವಿಧಾನ

ಬಳಕೆದಾರರು ತಮ್ಮ ಯೋಜನೆಯ ಕಡತಕೋಶದಲ್ಲಿ ಏಡರ್ ಅನ್ನು ಆರಂಭಿಸಿ, ಬೇಕಾದ ಬದಲಾವಣೆಯನ್ನು ಸಾಮಾನ್ಯ ಭಾಷೆಯಲ್ಲಿ ಬರೆಯುತ್ತಾರೆ. ಓರೆಗೆರೆಯಿಂದ ಆರಂಭವಾಗುವ ಆದೇಶಗಳು ಏಡರ್‌ಗೆ ಸಂಬಂಧಿಸಿದವು. (ಇಲ್ಲಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಕೊಡಲಾಗಿದೆ, ಟರ್ಮಿನಲ್‌ನಲ್ಲಿ ರೋಮನ್ ಅಕ್ಷರಗಳನ್ನೇ ಬಳಸಬೇಕು.) ‘/ಆಡ್’ ಆದೇಶವು ತಿದ್ದಬೇಕಾದ ಕಡತವನ್ನು ಸಂಭಾಷಣೆಗೆ ಸೇರಿಸುತ್ತದೆ, ‘/ಡ್ರಾಪ್’ ಹೊರಗಿಡುತ್ತದೆ. ‘/ಆಸ್ಕ್’ ಆದೇಶದಿಂದ ಕಡತಗಳನ್ನು ಮುಟ್ಟದೆ ಪ್ರಶ್ನೆಗಳನ್ನಷ್ಟೇ ಕೇಳಬಹುದು.

ದೊಡ್ಡ ಯೋಜನೆಯ ಎಲ್ಲ ಕಡತಗಳನ್ನೂ ಮಾದರಿಗೆ ಕಳುಹಿಸುವುದು ದುಬಾರಿ. ಹಲವು ವೇಳೆ ಅಸಾಧ್ಯ. ಇದಕ್ಕಾಗಿ ಏಡರ್ ಯೋಜನೆಯ ಒಂದು ಸಂಕ್ಷಿಪ್ತ ನಕ್ಷೆಯನ್ನು ಸಿದ್ಧಪಡಿಸುತ್ತದೆ. ಟ್ರೀ-ಸಿಟ್ಟರ್ ಎಂಬ ವಿಶ್ಲೇಷಕದ ನೆರವಿನಿಂದ ಪ್ರತಿ ಕಡತದಲ್ಲಿರುವ ಫಂಕ್ಷನ್, ಕ್ಲಾಸ್ ಮುಂತಾದವುಗಳ ಹೆಸರುಗಳನ್ನೂ ಅವು ಬೇರೆಲ್ಲಿ ಬಳಕೆಯಾಗಿವೆ ಎಂಬುದನ್ನೂ ಗುರುತಿಸಲಾಗುತ್ತದೆ. ಬಳಿಕ ಪೇಜ್‌ರ‍್ಯಾಂಕ್ ಗಣನವಿಧಿಯಿಂದ ಅವುಗಳ ಪ್ರಾಮುಖ್ಯವನ್ನು ಲೆಕ್ಕಹಾಕಿ, ಮುಖ್ಯವಾದವುಗಳನ್ನು ಮಾತ್ರ ನಕ್ಷೆಯಲ್ಲಿ ಉಳಿಸಲಾಗುತ್ತದೆ. ಪುಸ್ತಕವನ್ನೆಲ್ಲ ಕೊಡುವ ಬದಲು ಪರಿವಿಡಿಯನ್ನೂ ಒಂದೆರಡು ಅಧ್ಯಾಯಗಳನ್ನೂ ಕೊಟ್ಟಂತೆ ಇದು.

ಮಾದರಿಯ ಉತ್ತರವನ್ನು ಕಡತಕ್ಕೆ ಅಳವಡಿಸುವುದು ತೋರುವಷ್ಟು ಸರಳವಲ್ಲ. ಕಡತವನ್ನು ಪೂರ್ಣವಾಗಿ ಮರಳಿ ಬರೆಸುವುದು ಒಂದು ಕ್ರಮ. ಹಳೆಯ ಸಾಲುಗಳನ್ನು ಉಲ್ಲೇಖಿಸಿ ಅವುಗಳ ಜಾಗಕ್ಕೆ ಹೊಸ ಸಾಲುಗಳನ್ನು ಸೂಚಿಸುವುದು ಇನ್ನೊಂದು. ಜಿಪಿಟಿ-4 ಟರ್ಬೋ ಮಾದರಿಯು ಸಂಕೇತವನ್ನು ಬರೆಯದೆ, ‘ಉಳಿದ ಭಾಗ ಇಲ್ಲಿ ಬರುತ್ತದೆ’ ಎಂಬರ್ಥದ ಟಿಪ್ಪಣಿ ಇಟ್ಟು ಜಾರಿಕೊಳ್ಳುತ್ತಿದ್ದುದನ್ನು ತಡೆಯಲು 2023ರ ಕೊನೆಯಲ್ಲಿ ಮೂರನೆಯ ಕ್ರಮವೊಂದನ್ನು ಸೇರಿಸಲಾಯಿತು.

ಗಿಟ್ ದಾಖಲೆ

ಏಡರ್‌ನ ವಿನ್ಯಾಸದಲ್ಲಿ ಅತ್ಯಂತ ಗಮನಾರ್ಹವಾದ ಅಂಶವಿದು. ಮಾದರಿ ಮಾಡಿದ ಪ್ರತಿಯೊಂದು ಬದಲಾವಣೆಯೂ, ಬಳಕೆದಾರರು ಬೇಡವೆನ್ನದ ಹೊರತು, ವಿವರಣೆಯೊಂದಿಗೆ ಗಿಟ್‌ನಲ್ಲಿ ಪ್ರತ್ಯೇಕ ಕಮಿಟ್ ಆಗಿ ದಾಖಲಾಗುತ್ತದೆ. ತಿದ್ದಬೇಕಾದ ಕಡತದಲ್ಲಿ ಬಳಕೆದಾರರೇ ಮಾಡಿದ, ಇನ್ನೂ ದಾಖಲಾಗದ ಬದಲಾವಣೆಗಳಿದ್ದರೆ ಅವನ್ನು ಮೊದಲು ಬೇರೆಯಾಗಿ ದಾಖಲಿಸಲಾಗುತ್ತದೆ. ಹೀಗಾಗಿ ಮನುಷ್ಯರು ಬರೆದದ್ದು ಯಾವುದು, ಯಂತ್ರ ಬರೆದದ್ದು ಯಾವುದು ಎಂಬುದು ಬೆರೆತುಹೋಗುವುದಿಲ್ಲ. ಕರ್ತೃವಿನ ಹೆಸರಿನೊಡನೆ ಏಡರ್ ಎಂಬ ಗುರುತನ್ನು ಸೇರಿಸುವ ಸೌಲಭ್ಯವೂ ಇದೆ. ‘/ಡಿಫ್’ ಆದೇಶ ಬದಲಾವಣೆಗಳನ್ನು ತೋರಿಸುತ್ತದೆ. ‘/ಅನ್‌ಡೂ’ ಏಡರ್‌ನ ಕೊನೆಯ ಕಮಿಟ್ ಅನ್ನು ಹಿಂತೆಗೆಯುತ್ತದೆ.

ಆದರೆ ಹಿಂತೆಗೆಯಬೇಕೆ ಎಂಬುದನ್ನು ಓದಿ ನಿರ್ಧರಿಸಬೇಕಾದವರು ಬಳಕೆದಾರರೇ. ಉದಾಹರಣೆಗೆ, ತರಗತಿಯ ಸರಾಸರಿ ಅಂಕವನ್ನು ಲೆಕ್ಕಹಾಕುವ ಪ್ರೋಗ್ರಾಂನಲ್ಲಿ ಖಾಲಿ ಅಂಕಣದಿಂದಾಗಿ ದೋಷ ಬರುತ್ತಿದೆ ಎಂದುಕೊಳ್ಳೋಣ. ಮಾದರಿಯು ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ದೋಷ ಮಾಯವಾಗುತ್ತದೆ. ಆದರೆ ಗೈರುಹಾಜರಾದ ವಿದ್ಯಾರ್ಥಿಗಳೂ ಸೊನ್ನೆ ಪಡೆದವರಾಗಿ ಎಣಿಕೆಗೊಂಡು ಸರಾಸರಿ ಇಳಿಯುತ್ತದೆ. ಪ್ರೋಗ್ರಾಂ ತಕರಾರಿಲ್ಲದೆ ನಡೆಯುವುದರಿಂದ ಇಂಥ ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ಸರಿಯಾದ ಉತ್ತರ ಏನೆಂದು ಮೊದಲೇ ಪರೀಕ್ಷೆಯಾಗಿ ಬರೆದಿಟ್ಟು ‘/ಟೆಸ್ಟ್’ ಆದೇಶದಿಂದ ನಡೆಸಿದರೆ, ವಿಫಲವಾದಾಗ ಅದರ ವಿವರ ಮಾದರಿಗೆ ಹೋಗುತ್ತದೆ. ಸಂಕೇತವನ್ನು ತಿದ್ದುವ ಬದಲು ಪರೀಕ್ಷೆಯನ್ನೇ ಸಡಿಲಿಸಿ ತೇರ್ಗಡೆ ಮಾಡುವ ಅಭ್ಯಾಸ ಭಾಷಾ ಮಾದರಿಗಳಲ್ಲಿ ಕಂಡುಬಂದಿದೆ. ಪರೀಕ್ಷೆಯ ಕಡತವನ್ನು ‘/ರೀಡ್-ಓನ್ಲಿ’ ಆದೇಶದಿಂದ ಸೇರಿಸುವುದು ಇದಕ್ಕೆ ತಕ್ಕ ಎಚ್ಚರಿಕೆ. ಆಗ ಅದನ್ನು ಓದಲು ಮಾತ್ರ ಕೊಟ್ಟಂತಾಗುತ್ತದೆ.

ವೆಚ್ಚ ಮತ್ತು ಗೋಪ್ಯತೆ

ದೂರದ ಸರ್ವರ್‌ನಲ್ಲಿರುವ ಮಾದರಿಯನ್ನು ಬಳಸಿದಾಗ ಸಂಭಾಷಣೆಗೆ ಸೇರಿಸಿದ ಕಡತಗಳೂ ನಕ್ಷೆಯೂ ಗಣಕದಿಂದ ಹೊರಗೆ ಹೋಗುತ್ತವೆ. ಉದ್ಯೋಗದಾತರ ಸಂಕೇತ, ಗುಪ್ತಪದಗಳಿರುವ ಕಡತ, ಬೇರೆಯವರ ವೈಯಕ್ತಿಕ ಮಾಹಿತಿ ಇವುಗಳ ವಿಷಯದಲ್ಲಿ ಇದು ಗಂಭೀರ ಸಂಗತಿ. ಒಲ್ಲಾಮಾದಂತಹ ಸಾಧನದ ಮೂಲಕ ಸ್ವಂತ ಗಣಕದಲ್ಲೇ ನಡೆಯುವ ಮಾದರಿಯನ್ನು ಜೋಡಿಸಿದರೆ ಸಂಕೇತ ಹೊರಹೋಗುವುದಿಲ್ಲ, ಬಳಕೆಯ ಶುಲ್ಕವೂ ಇಲ್ಲ. ಸಾಧಾರಣ ಗಣಕದಲ್ಲಿ ಹಿಡಿಸುವ ಚಿಕ್ಕ ಮಾದರಿಗಳು ಮಾತ್ರ ತಿದ್ದುಪಡಿಯ ನಿಗದಿತ ರೂಪವನ್ನು ಪಾಲಿಸುವಲ್ಲಿ ಆಗಾಗ ಎಡವುತ್ತವೆ. ಸಂಭಾಷಣೆಯ ಇತಿಹಾಸವೂ ಯೋಜನೆಯ ಕಡತಕೋಶದಲ್ಲಿಯೇ ಉಳಿಯುತ್ತದೆ. ಯೋಜನೆಯನ್ನು ಪ್ರಕಟಿಸುವ ಮುನ್ನ ಅದು ಸೇರಿಕೊಂಡಿದೆಯೇ ಎಂದು ನೋಡುವುದು ಒಳ್ಳೆಯದು.

ಕನ್ನಡದಲ್ಲಿ ಬಳಕೆ

ಆಯ್ದ ಮಾದರಿಗೆ ಕನ್ನಡ ತಿಳಿದಿದ್ದರೆ ಸೂಚನೆಗಳನ್ನು ಕನ್ನಡದಲ್ಲಿಯೇ ಕೊಡಬಹುದು. ಉತ್ತರದ ಭಾಷೆಯನ್ನು ನಿಗದಿಪಡಿಸುವ ಆಯ್ಕೆ ಏಡರ್‌ನಲ್ಲಿದೆ. ಶುಲ್ಕ ಸಾಮಾನ್ಯವಾಗಿ ಟೋಕನ್ ಲೆಕ್ಕದಲ್ಲಿರುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ಮಾದರಿಗಳ ಟೋಕನ್ ಪಟ್ಟಿಗಳೂ ಹೆಚ್ಚಾಗಿ ಇಂಗ್ಲಿಷ್ ಪಠ್ಯಕ್ಕೆ ಹೊಂದಿಕೊಂಡಂಥವು. ಆದ್ದರಿಂದ ಅದೇ ಮಾತಿಗೆ ಕನ್ನಡದಲ್ಲಿ ಹೆಚ್ಚು ಟೋಕನ್ ತಗಲುವುದು ಸಾಮಾನ್ಯ. ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಜಾಗ ಕೊಡುವ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಅಥವಾ ಒಂದರ ಮೇಲೊಂದು ಬಿದ್ದು ಕಾಣುವುದೂ ಉಂಟು. ಇದು ಪರದೆಯ ಮೇಲಿನ ತೊಡಕು ಮಾತ್ರ; ಕಡತದಲ್ಲಿ ಉಳಿಯುವ ಪಠ್ಯಕ್ಕೆ ಇದರಿಂದ ಬಾಧೆಯಿಲ್ಲ.