ಬೈರಿಗೆ

ಬೈರಿಗೆ ಎಂದರೆ ತಿರುಗುವ ಮೊನೆಯಿಂದ ಮರ, ಲೋಹ, ಕಲ್ಲು, ಗೋಡೆಗಳಲ್ಲಿ ದುಂಡನೆಯ ತೂತು ಕೊರೆಯುವ ಉಪಕರಣ. ಒಂದು ಕಾಲಕ್ಕೆ ಬಡಗಿಯ ಪೆಟ್ಟಿಗೆಯಲ್ಲಿ ಉಳಿ, ಬಾಚಿ, ಗರಗಸಗಳ ಜೊತೆಗಿದ್ದ ಇದು ಈಗ ಡ್ರಿಲ್ಲಿಂಗ್ ಮಷೀನ್ ಎಂಬ ಹೆಸರಿನಲ್ಲಿ ಮನೆ ಮನೆಗೆ ಬಂದಿದೆ. ಕಾರ್ ಶೆಡ್ಡಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೈಕೆಲಸ ಶುರುಮಾಡುವವರು ಸಾಮಾನ್ಯವಾಗಿ ಮೊದಲು ಕೊಳ್ಳುವ ಯಂತ್ರ ಇದೇ. ಇದರ ಚರಿತ್ರೆಯನ್ನು ತಿರುಗಿಸುವ ಬಲದ ಚರಿತ್ರೆಯಾಗಿ, ಅಂದರೆ ಮೊದಲು ಅಂಗೈ, ಆಮೇಲೆ ಬಿಲ್ಲು, ಆಮೇಲೆ ವಿದ್ಯುತ್ತು ಎಂದು ಹೇಳಿಬಿಡುವುದುಂಟು. ಅದು ಅರ್ಧ ಮಾತ್ರ. ತಿರುಗಿಸುವ ಉಪಾಯ ಮನುಷ್ಯನಿಗೆ ಬಹಳ ಬೇಗ ಹೊಳೆಯಿತು. ಕೊರೆದ ಪುಡಿ ತೂತಿನಿಂದ ಹೊರಗೆ ಬರುವುದು ಹೇಗೆ, ಮೊನೆ ಅಲುಗಾಡದೆ ಕೂರುವುದು ಹೇಗೆ ಎಂಬ ಎರಡು ಪ್ರಶ್ನೆಗಳೇ ಸಾವಿರಾರು ವರ್ಷ ಕಾಡಿದವು.

ಬಿಲ್ಲಿನ ಬೈರಿಗೆ

ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಮೆಹರ್‌ಗಢದ ನವಶಿಲಾಯುಗದ ಸ್ಮಶಾನದಲ್ಲಿ, ಒಂಬತ್ತು ಮಂದಿಯ 11 ದವಡೆ ಹಲ್ಲುಗಳಲ್ಲಿ ಕೊರೆದ ತೂತುಗಳು ಸಿಕ್ಕಿವೆ. ಅವು 7,500ರಿಂದ 9,000 ವರ್ಷ ಹಿಂದಿನವು. ಚಕಮಕಿ ಕಲ್ಲಿನ ಮೊನೆಯಿಂದ, ಬದುಕಿರುವವರ ಬಾಯಲ್ಲೇ ಕೊರೆದವು. ಅದೇ ಊರಿನಲ್ಲಿ ಮಣಿ ಕೊರೆಯುವ ಕಸುಬೂ ಇತ್ತು. ಆ ಕೈಚಳಕವೇ ಹಲ್ಲಿಗೂ ನೆರವಾಗಿರಬೇಕು ಎಂಬುದು ಸಂಶೋಧಕರ ಊಹೆ. ಮುಂದೆ ಸಿಂಧೂ ನಾಗರಿಕತೆಯ ಚನ್ಹುದಾರೊದ ಕುಶಲಕರ್ಮಿಗಳು ಗಟ್ಟಿಯಾದ ಕೆಂಪು ಕಾರ್ನೀಲಿಯನ್ ಕಲ್ಲಿನ ಉದ್ದುದ್ದ ಮಣಿಗಳನ್ನು ಆರಪಾರ ಕೊರೆದರು. ಅದಕ್ಕೆ ಮೊನೆಯಾಗಿ ಬಳಸಿದ ವಿಶೇಷ ಕಲ್ಲಿಗೆ, ಅಲ್ಲಿ ಉತ್ಖನನ ಮಾಡಿದ ಅರ್ನೆಸ್ಟ್ ಮಕೆಯ ನೆನಪಿನಲ್ಲಿ ‘ಅರ್ನೆಸ್ಟೈಟ್’ ಎಂದು ಹೆಸರಿಟ್ಟಿದ್ದಾರೆ. ಗುಜರಾತಿನ ಖಂಭಾತಿನ ಮಣಿ ಕೆಲಸದವರಲ್ಲಿ ಬಿಲ್ಲಿನ ಬೈರಿಗೆ ನಮ್ಮ ಕಾಲದವರೆಗೂ ಉಳಿದು ಬಂದಿದೆ, ಮೊನೆಗೆ ಮಾತ್ರ ವಜ್ರದ ಚೂರು ಸೇರಿದೆ. ಈಜಿಪ್ಟಿನ ತೀಬ್ಸ್‌ನಲ್ಲಿ, ಕ್ರಿ.ಪೂ. 15ನೇ ಶತಮಾನದ ರೆಖ್‌ಮಿರೆಯ ಗೋರಿಯ ಗೋಡೆಚಿತ್ರದಲ್ಲೂ ಬಿಲ್ಲೆಳೆಯುತ್ತ ತೂತು ಕೊರೆಯುವ ಬಡಗಿ ಕಾಣುತ್ತಾನೆ.

ಈ ಬೈರಿಗೆಯ ರಚನೆ ಸರಳ. ಮೊನೆ ಹಾಕಿದ ಮರದ ದಿಂಡಿಗೆ ಬಿಲ್ಲಿನ ಹುರಿಯನ್ನು ಒಂದು ಸುತ್ತು ಸುತ್ತುತ್ತಾರೆ. ದಿಂಡಿನ ತಲೆಯ ಮೇಲೆ ಸಡಿಲವಾಗಿ ಕೂತ ಹಿಡಿಯನ್ನು ಎಡಗೈ ಒತ್ತುತ್ತದೆ, ಬಲಗೈ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಆದರೆ ಬಿಲ್ಲು ಮುಂದೆ ಹೋದಾಗ ದಿಂಡು ಒಂದು ದಿಕ್ಕಿಗೆ ತಿರುಗಿದರೆ, ಹಿಂದೆ ಬಂದಾಗ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಹಾಗಾಗಿ ಮೊನೆ ಎರಡೂ ಕಡೆಗೆ ಕೆರೆಯುವಂತೆ ಚಪ್ಪಟೆಯಾಗಿಯೇ ಇರಬೇಕು. ಅದು ಮರವನ್ನು ಕತ್ತರಿಸುವುದಕ್ಕಿಂತ ಕೆರೆಯುವುದೇ ಹೆಚ್ಚು. ಪುಡಿಯನ್ನು ಮೇಲೆತ್ತುವ ಸುರುಳಿಯನ್ನು ಇಂಥ ಮೊನೆಗೆ ಮಾಡಿಯೂ ಉಪಯೋಗವಿಲ್ಲ. ಒಂದು ಎಳೆತದಲ್ಲಿ ಮೇಲೆ ಬಂದ ಪುಡಿ ಮರು ಎಳೆತದಲ್ಲಿ ಕೆಳಗಿಳಿಯುತ್ತದೆ. ಆಳದ ತೂತು ಬೇಕಾದರೆ ಆಗಾಗ ಬೈರಿಗೆ ಎತ್ತಿ, ಪುಡಿ ಊದಿ, ಮತ್ತೆ ಇಳಿಸಬೇಕಾಗಿತ್ತು.

ಒಂದೇ ದಿಕ್ಕಿನ ಸುತ್ತು

ಈ ತೊಡಕು ಬಿಡಿಸಿಕೊಂಡದ್ದು 15ನೇ ಶತಮಾನದ ಯೂರೋಪಿನಲ್ಲಿ ಕಾಣಿಸಿಕೊಂಡ, ನಡುವೆ ಡೊಂಕಾಗಿ ಬಾಗಿದ ಹಿಡಿಯ ಬೈರಿಗೆಯಿಂದ. ಇದಕ್ಕೆ ಬ್ರೇಸ್ ಎನ್ನುತ್ತಾರೆ. ಸುಮಾರು 1427ರಿಂದ 1432ರ ನಡುವೆ ರಾಬರ್ಟ್ ಕಾಂಪಿನ್ ಮತ್ತು ಅವನ ಕಾರ್ಯಾಗಾರದಲ್ಲಿ ಮೂಡಿದ ಮೆರೋಡ್ ಚಿತ್ರಫಲಕದ ಬಲಬದಿಯಲ್ಲಿ, ಬಡಗಿ ಜೋಸೆಫ್ ತನ್ನ ಅಂಗಡಿಯಲ್ಲಿ ಕೂತು ಇದರಿಂದ ಹಲಗೆಗೆ ತೂತು ಹಾಕುತ್ತಿದ್ದಾನೆ. ಧಾರ್ಮಿಕ ಚಿತ್ರವೊಂದು ಉಪಕರಣಗಳ ಚರಿತ್ರೆಗೆ ಇಷ್ಟು ಒಳ್ಳೆಯ ಸಾಕ್ಷಿಯಾಗಿರುವುದು ಅಪರೂಪ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಕ್ಲಾಯ್‌ಸ್ಟರ್ಸ್ ವಿಭಾಗದಲ್ಲಿದೆ.

ಬ್ರೇಸ್ ಬಿಲ್ಲಿಗಿಂತ ನಿಧಾನ. ಆದರೆ ಅದು ಸದಾ ಒಂದೇ ದಿಕ್ಕಿಗೆ ತಿರುಗುತ್ತದೆ. ಈ ಒಂದು ಗುಣವಿದ್ದುದರಿಂದಲೇ ಸುರುಳಿ ಮೊನೆಗೆ ದಾರಿಯಾಯಿತು. ಮರಕ್ಕೆ ಬೇಕಾದ ಸುರುಳಿ ಮೊನೆಗಳು 18ನೇ ಶತಮಾನದ ಕೊನೆಯಿಂದ ಬರತೊಡಗಿದವು. 1855ರಲ್ಲಿ ಅಮೆರಿಕದ ರಸೆಲ್ ಜೆನ್ನಿಂಗ್ಸ್ ಪೇಟೆಂಟ್ ಪಡೆದ ಜೋಡಿ ಸುರುಳಿಯ ಮಾದರಿ ಬಡಗಿಗಳ ಮೆಚ್ಚುಗೆ ಗಳಿಸಿತು. ಲೋಹಕ್ಕೆ ಒಗ್ಗುವ ಮೊನೆಗೆ 1863ರಲ್ಲಿ ಪೇಟೆಂಟ್ ಪಡೆದವನು ಮ್ಯಾಸಚೂಸೆಟ್ಸ್‌ನ ಸ್ಟೀಫನ್ ಮೋರ್ಸ್. ಮರುವರ್ಷ ನ್ಯೂ ಬೆಡ್‌ಫರ್ಡ್‌ನಲ್ಲಿ ಅವನ ಕಂಪನಿ ಶುರುವಾಯಿತು. ಇಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಟ್ ಕೇಳಿದರೂ ಕೊಡುವುದು ಅದರ ಪೀಳಿಗೆಯದೇ. ಒಂದನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಾಮಾನ್ಯವಾಗಿ 118 ಡಿಗ್ರಿ ಕೋನದಲ್ಲಿ ಕೂಡುವ ಎರಡು ಅಲಗುಗಳು, ಅವುಗಳ ಹಿಂದಿನಿಂದ ಮೈಗೆ ಸುತ್ತಿಕೊಂಡು ಮೇಲೇರುವ ಎರಡು ಕಾಲುವೆಗಳು. ಅಲಗು ಕತ್ತರಿಸಿದ ಲೋಹ ಸುರುಳಿ ಸುರುಳಿಯಾಗಿ ಆ ಕಾಲುವೆ ಹಿಡಿದು ಹೊರಬರುತ್ತದೆ. ಎರಡು ಅಲಗುಗಳ ನಡುವಿನ ಸಣ್ಣ ಅಂಚು ಮಾತ್ರ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಆದ್ದರಿಂದಲೇ ಕಬ್ಬಿಣದ ಪಟ್ಟಿಯ ಮೇಲೆ ಬಿಟ್ ಅತ್ತಿತ್ತ ಜಾರುವುದು. ಸೆಂಟರ್ ಪಂಚಿನಿಂದ ಗುಳಿ ಮಾಡಿ, ಮೊದಲು ಸಣ್ಣ ತೂತು ಕೊರೆದು ಆಮೇಲೆ ದೊಡ್ಡದು ಮಾಡುವುದು ಇದೇ ಕಾರಣಕ್ಕೆ. ಬಿಟ್ ದಪ್ಪವಾದಷ್ಟೂ ವೇಗ ತಗ್ಗಿಸಬೇಕು. ಉಕ್ಕಿಗಾದರೆ ಎರಡು ಹನಿ ಎಣ್ಣೆಯೂ ಬೇಕು. ಹಲಗೆ ಕೊರೆಯುವಾಗ ಅಡಿಗೊಂದು ಬೇಡದ ತುಂಡು ಒತ್ತಿಟ್ಟರೆ ಸಿಬಿರು ಏಳುವುದಿಲ್ಲ.

ಮೊನೆಯನ್ನು ಹಿಡಿಯುವ ಪ್ರಶ್ನೆಗೆ ಉತ್ತರ ಕೊಟ್ಟವನು ಆರ್ಥರ್ ಜೇಕಬ್ಸ್. ಸ್ಪ್ಯಾನರ್ ಜಾರಿ ಗೆಣ್ಣುಗಳಿಗೆ ಪೆಟ್ಟಾದ ಮೇಲೆ ಅವನು ಯೋಚನೆಗೆ ಬಿದ್ದ ಎಂದು ಹೇಳುತ್ತಾರೆ. ಹಲ್ಲುಗಳಿರುವ ಕೀಲಿಯಿಂದ ಮೂರು ದವಡೆಗಳನ್ನು ಒಟ್ಟಿಗೆ ಬಿಗಿಯುವ ಅವನ ಚಕ್ 1902ರದು.

ವಿದ್ಯುತ್ತು ಮತ್ತು ಮನೆ

ಮೆಲ್ಬರ್ನಿನ ಆರ್ಥರ್ ಜೇಮ್ಸ್ ಆರ್ನಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೇನ್ 1889ರಲ್ಲಿ ವಿದ್ಯುತ್ ಬೈರಿಗೆಗೆ ಪೇಟೆಂಟ್ ಪಡೆದರು. ಅದು ಬಂಡೆ, ಕಲ್ಲಿದ್ದಲು ಕೊರೆಯುವ ಭಾರಿ ಯಂತ್ರ. ಕೈಯಲ್ಲಿ ಎತ್ತಿಕೊಳ್ಳಬಲ್ಲ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ತಯಾರಿಸಿತು. ಅದನ್ನು ಎದೆಯಿಂದ ಒತ್ತಿ, ಎರಡೂ ಕೈಯಲ್ಲಿ ಹಿಡಿಯಬೇಕಿತ್ತು. ಪಿಸ್ತೂಲಿನಂಥ ಹಿಡಿ, ಬೆರಳಿಗೆ ಸಿಗುವ ಸ್ವಿಚ್ಚು ಬಂದದ್ದು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಯಿಂದ. ಡಂಕನ್ ಬ್ಲ್ಯಾಕ್ ಮತ್ತು ಅಲೊಂಜೊ ಡೆಕ್ಕರ್ 1910ರಲ್ಲಿ ಬಾಲ್ಟಿಮೋರಿನಲ್ಲಿ ಕಟ್ಟಿದ ಈ ಕಂಪನಿಗೆ ಆ ವಿನ್ಯಾಸದ ಪೇಟೆಂಟ್ 1917ರಲ್ಲಿ ಸಿಕ್ಕಿತು. ನನ್ನ ಎಣಿಕೆಯಲ್ಲಿ ಮೋಟಾರಿಗಿಂತಲೂ ಈ ಸ್ವಿಚ್ಚೇ ದೊಡ್ಡದು. ಬೆರಳು ಸಡಿಲಿಸಿದೊಡನೆ ನಿಲ್ಲುವ ಯಂತ್ರವನ್ನು ಒಬ್ಬರೇ ನಿಭಾಯಿಸಬಹುದು.

ಆದರೂ ಅದು ಕಾರ್ಖಾನೆಯ ಸಾಮಾನಾಗಿಯೇ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲಸಗಾರರು ಡ್ರಿಲ್‌ಗಳನ್ನು ಮನೆಗೆ ಒಯ್ಯುತ್ತಿದ್ದುದು ಕಂಪನಿಯ ಗಮನಕ್ಕೆ ಬಂತು. ಮನೆಯಲ್ಲೂ ಇದು ಬೇಕಾಗಿದೆ ಎಂದು ತಿಳಿದು, 1946ರಲ್ಲಿ ಮನೆಬಳಕೆಗೆಂದೇ ಕಾಲಿಂಚಿನ ಅಗ್ಗದ ಡ್ರಿಲ್ ಮಾರುಕಟ್ಟೆಗೆ ಬಂತು. ಗ್ಯಾರೇಜಿನ ಕೈಕೆಲಸ ಒಂದು ದೊಡ್ಡ ಹವ್ಯಾಸವಾಗಿ ಹರಡಿದ್ದು ಆ ಯುದ್ಧೋತ್ತರ ವರ್ಷಗಳಲ್ಲಿ.

ನಮ್ಮ ಮನೆಗಳ ಕತೆ ಸ್ವಲ್ಪ ಬೇರೆ. ಇಲ್ಲಿ ತೂತು ಬೇಕಾಗುವುದು ಮರಕ್ಕಿಂತ ಹೆಚ್ಚಾಗಿ ಇಟ್ಟಿಗೆ, ಕಾಂಕ್ರೀಟು ಗೋಡೆಗಳಿಗೆ. ಉಳಿ, ಸುತ್ತಿಗೆಯಲ್ಲಿ ಗೋಡೆ ಒಡೆದು, ಮರದ ಬೆಣೆ ಬಡಿದು, ಅದಕ್ಕೆ ಸ್ಕ್ರೂ ತಿರುಗಿಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಆ ಬೆಣೆಯ ಜಾಗಕ್ಕೆ ಬಂದ ರಾಲ್ ಪ್ಲಗ್ಗಿಗೆ ಹೆಸರು ಕೊಟ್ಟವನು ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್. 1911ರ ಅವನ ಪ್ಲಗ್ಗು ಸೆಣಬಿನ ನಾರಿನದು. ಪ್ಲಾಸ್ಟಿಕ್ ಪ್ಲಗ್ಗನ್ನು 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ರೂಪಿಸಿದ. ತಿರುಗುತ್ತಲೇ ಕುಟ್ಟುವ ವಿದ್ಯುತ್ ಹ್ಯಾಮರನ್ನು ಬಾಷ್ ಕಂಪನಿ 1932ರಲ್ಲಿ ತಂದಿತ್ತು. ಗೋಡೆಗೆ ಬಳಸುವ ಬಿಟ್ಟಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಚೂರು ಬೆಸೆದಿರುತ್ತದೆ. ಅದು ಕತ್ತರಿಸುವುದಿಲ್ಲ, ಪುಡಿಗುಟ್ಟುತ್ತದೆ.

ವೈರಿಲ್ಲದ ಬೈರಿಗೆ

ಬ್ಯಾಟರಿ ಡ್ರಿಲ್ಲನ್ನು ಬ್ಲ್ಯಾಕ್ ಅಂಡ್ ಡೆಕ್ಕರ್ 1961ರಲ್ಲಿ ಹೊರತಂದಿತು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಬೇಗ ಸೋಲುತ್ತಿದ್ದವು. 2005ರ ಸುಮಾರಿಗೆ ಲಿಥಿಯಂ-ಅಯಾನ್ ಬಂದ ಮೇಲೆ ಹವ್ಯಾಸಿಗಳು ವೈರಿನ ಗೊಡವೆ ಬಿಟ್ಟರು. ಬ್ಯಾಟರಿ ಡ್ರಿಲ್ ಹುಟ್ಟಿದ್ದು ಚಂದ್ರಯಾತ್ರೆಗಾಗಿ ಎಂಬ ನಂಬಿಕೆ ಸರಿಯಲ್ಲ, ಮಾರುಕಟ್ಟೆಯ ಡ್ರಿಲ್ಲೇ ಮೊದಲು. ಚಂದ್ರನಿಗೂ ಬೈರಿಗೆ ಹೋದದ್ದು ಮಾತ್ರ ನಿಜ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್, ನೆಲದ ಶಾಖ ಅಳೆಯುವ ಸಾಧನ ಇಳಿಸಲು ಬ್ಯಾಟರಿ ಡ್ರಿಲ್ಲಿನಿಂದ ಸುಮಾರು 3 ಮೀಟರ್ ಕೊರೆಯಬೇಕಿತ್ತು. ಅದರ ಸುಮಾರು ಅರ್ಧದಷ್ಟು ಇಳಿಯುವ ಹೊತ್ತಿಗೆ ಬೈರಿಗೆ ಸಿಕ್ಕಿಹಾಕಿಕೊಂಡಿತು. ಒಂದಕ್ಕೊಂದು ಜೋಡಿಸಿದ ಕೊರೆಗೊಳವೆಗಳ ಕೀಲುಗಳಲ್ಲಿ ಸುರುಳಿ ಕಾಲುವೆ ತುಂಡಾಗಿತ್ತು. ಚಂದ್ರನ ಮಣ್ಣು ಮೇಲೆ ಬರಲು ದಾರಿಯಿಲ್ಲದೆ ಅಲ್ಲೇ ಗಿಡಿದುಕೊಂಡಿತು. ಕೀಲುಗಳಲ್ಲೂ ಕಾಲುವೆ ಕಡಿಯದಂತೆ ಕೊಳವೆಗಳನ್ನು ತಿದ್ದಿದ ಮೇಲೆ, 1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಚಾರ್ಲ್ಸ್ ಡ್ಯೂಕ್ ಹಿಡಿದ ಬೈರಿಗೆ ಸಲೀಸಾಗಿ ಕೆಳಗಿಳಿಯಿತು.